ಸಮತೋಲನ ಬಿಂದುವಿನ ಮೇಲೊಂದು ಕಲೆ

ನಮ್ಮ ಮನೆಯ ಬೀರುವಿನಲ್ಲಿ ಒಂದು ಬಿಳಿಯ ಮೇಲುಹಾಸು ಇತ್ತು. ಅಗಲ ಮಂಚಕ್ಕೆಂದು ಕೊಂಡದ್ದು. ನಡುವಿಗಿಂತ ಚೂರು ಬಲಕ್ಕೆ ಅಂಗೈಯಷ್ಟು ಕಂದು ಕಲೆ ಬಿದ್ದ ಮೇಲೆ, ಬಂದವರ ಕಣ್ಣಿಗೆ ಬೀಳದಂತೆ ಮಡಿಸಿಟ್ಟದ್ದು. ಆ ಕಲೆ ನನ್ನಿಂದಲೇ ಆದದ್ದು. ನನಗೆ ಚೆನ್ನಾಗಿ ನೆನಪಿದೆ: ಭಾನುವಾರದ ಬೆಳಗು, ಮಂಚದ ತುಂಬ ಹರಡಿದ ಉತ್ತರಪತ್ರಿಕೆಗಳು, ತರೀಕೆರೆಯ ನಮ್ಮ ಬೀದಿಯಲ್ಲಿ ಸೊಪ್ಪಿನವಳ ಕೂಗು, ಮೊಣಕೈ ತಗುಲಿ ಉರುಳಿದ ಕಾಫಿಯ ಲೋಟ. ನೀವು ಸ್ನೇಹಿತರಾದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಇಷ್ಟು ಚೆನ್ನಾಗಿ ನೆನಪಿರುವ ಸಂಗತಿಗಳ ಬಗ್ಗೆ ನನಗೆ ಸದಾ ಒಂದು ಗುಮಾನಿ. ದಿನಚರಿ ಬರೆಯುವ ಚಟ ಹತ್ತಿದ್ದೂ ಆ ಗುಮಾನಿಯಿಂದಲೇ.

ಅಜ್ಜಂಪುರದ ಹತ್ತಿರದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಹೇಳುತ್ತೇನೆ. ಕೆಳಗೆ ಹೈಸ್ಕೂಲು, ಮೇಲೆ ನಾವು. ಇಬ್ಬರಿಗೂ ಸೇರಿ ಒಂದೇ ಪ್ರೊಜೆಕ್ಟರು. ಯಂತ್ರ ಬಂತು, ಪರದೆ ಬರಲಿಲ್ಲ. ತರಗತಿಯ ಗೋಡೆಗೋ ಗಾಢ ಹಸಿರು ಬಣ್ಣ. ನಾನು ಮೇಲುಹಾಸನ್ನು ತಂದು ಎರಡು ಮೊಳೆಗಳಿಗೆ ತೂಗುಹಾಕಿದೆ. ಅಂದಿನಿಂದ ಭೂಗೋಳದ ಮೇಷ್ಟ್ರು ಭಾರತದ ನಕ್ಷೆ ಹಾಕಿದರೆ ಬಂಗಾಳ ಕೊಲ್ಲಿಯಲ್ಲಿ ಹೊಸ ದ್ವೀಪವೊಂದು ತೇಲುತ್ತಿತ್ತು; ವಿಜ್ಞಾನದ ಮೇಡಂ ಜೀರ್ಣಾಂಗ ತೋರಿಸಿದರೆ ಜಠರದಲ್ಲಿ ಹುಣ್ಣು. ನನ್ನ ಪಾಲಿಗೆ ಮಾತ್ರ ಅದೃಷ್ಟ ಖುಲಾಯಿಸಿತ್ತು. ಇಳಿಯುವ ಬೇಡಿಕೆಯ ಗೆರೆ, ಏರುವ ಪೂರೈಕೆಯ ಗೆರೆ, ಎರಡೂ ಸಂಧಿಸಿ ಬೆಲೆ ನಿಲ್ಲುವ ಸಮತೋಲನ ಬಿಂದು ಸರಿಯಾಗಿ ಆ ಕಲೆಯ ಮೇಲೆ ಬಂದು ಕೂರುತ್ತಿತ್ತು. ಮಕ್ಕಳು ಅದನ್ನೇ ಗುರುತು ಮಾಡಿಕೊಂಡು ಬಟ್ಟೆಯನ್ನು ಆಚೀಚೆ ಎಳೆದು ಸರಿಪಡಿಸುತ್ತಿದ್ದರು.

ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ ನೋಡುತ್ತೇನೆ, ಅರ್ಧ ತರಗತಿ ನಕ್ಷೆಯ ನಡುವೆ ಒಂದು ಮಚ್ಚೆ ಬರೆದಿದೆ! ತರಗತಿಯ ಮಾತಿನಮಲ್ಲಿ ನಸ್ರೀನಳಂತೂ ಕಂದು ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ತುಂಬಿದ್ದಳು.

"ಏನೇ ಇದು?"

"ನೀವ್ ತೋರ್ಸಿದ್ದೇ ಮೇಡಂ. ಬೆಲೆ ಕೂರೋ ಜಾಗ."

"ಅದು ಕಲೆ ಕಣೇ! ಕಾಫಿ ಕಲೆ!"

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ನಾನು ಅದನ್ನ ಬರಿಯೋಕೇ ಐದು ನಿಮಿಷ ಹಾಳ್ಮಾಡ್ದೆ."

ಎಲ್ಲರೂ ನಕ್ಕೆವು. ಆ ಸಂಜೆ ದಿನಚರಿಯಲ್ಲಿ ಮಾತ್ರ ಬೇರೆಯೇ ಬರೆದೆ: ಸ್ಲೈಡು ಬಂದ ಮೇಲೆ ನಾನು ಗೋಡೆಯನ್ನು ನೋಡುತ್ತ ಪಾಠ ಹೇಳುತ್ತಿದ್ದೇನೆಯೇ? ಸೀಮೆಸುಣ್ಣದ ಕಾಲದಲ್ಲಿ ಮಕ್ಕಳ ಮುಖ ನೋಡುತ್ತಿದ್ದೆನಲ್ಲ! ಬರೆದು ಮುಗಿಸಿದ ಮೇಲೆ ಹೊಳೆಯಿತು, ಸೀಮೆಸುಣ್ಣದ ಕಾಲದಲ್ಲಿ ಅವರಿಗೆ ಬೆನ್ನು ಹಾಕಿದ್ದೆ.

ಇಂಥ ದಿನಗಳಲ್ಲಿ ಕಡೂರಿನಲ್ಲಿ ವಿದ್ಯಾರ್ಥಿಗಳೇ ಸ್ಲೈಡು ತೋರಿಸಿ ಪಾಠ ಮಾಡುವ ಸ್ಪರ್ಧೆಯೊಂದು ಬಂತು. ನಾನು ನಾಗವೇಣಿಯನ್ನು ಆರಿಸಿದೆ. ತೆಂಗಿನ ತೋಟದ ಮನೆಯ ಹುಡುಗಿ. ಬರೆಯಲು ಕೂತರೆ ನನಗಿಂತ ಸ್ಪಷ್ಟ. ಆದರೆ ಹಿಂದಿನ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತಾಡಲು ನಿಂತವಳು ಬಾಯಿ ಕಟ್ಟಿ, ಎಲ್ಲರೂ ನಗುವಾಗ ಹಾಗೇ ನಿಂತುಬಿಟ್ಟಿದ್ದಳು. ಅಂದಿನಿಂದ ತರಗತಿಯಲ್ಲಿ ಹಾಜರಿಗೂ ಕೈಯನ್ನೇ ಎತ್ತುತ್ತಿದ್ದಳು. "ಪರದೆ ಮೇಲೆ ಇರೋದನ್ನ ಓದ್ತೀನಿ ಮೇಡಂ, ಅಷ್ಟೇ. ಅದೊಂದು ಮಾತು ಕೊಡಿ" ಎಂದಳು. ಕೊಟ್ಟೆ. ಇಬ್ಬರೂ ಕೂತು ಹದಿನಾಲ್ಕು ಸ್ಲೈಡು ಮಾಡಿದೆವು, ಅವಳು ಆಡಬೇಕಾದ ಪ್ರತಿ ಮಾತನ್ನೂ ಒಳಗಿಟ್ಟು.

ಪರದೆ ಬೇಕಾದವರೇ ತನ್ನಿ ಎಂದಿದ್ದರಿಂದ ಮೇಲುಹಾಸೂ ಸುರುಳಿ ಸುತ್ತಿಕೊಂಡು ನಮ್ಮೊಡನೆ ಬಸ್ಸು ಹತ್ತಿತು. ಕಂಪ್ಯೂಟರು ಮಾತ್ರ ಅಲ್ಲಿಯದು. ನಸ್ರೀನ್ ಅದರ ಮುಂದೆ ಕೂತಳು, ನಾಗವೇಣಿ ವೇದಿಕೆಯ ಮೇಲೆ ನಿಂತಳು, ಮೊದಲ ಸ್ಲೈಡು ಮೂಡಿತು. ನಮ್ಮ ಕನ್ನಡದ ಅಕ್ಷರಶೈಲಿ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಕನ್ನಡವಿದ್ದಲ್ಲೆಲ್ಲ ತಲೆಗೆ ಟೋಪಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಇಂಗ್ಲಿಷ್ ಅಕ್ಷರಗಳು ಅಡ್ಡಾದಿಡ್ಡಿಯಾಗಿ ಕುಣಿಯುತ್ತಿದ್ದವು. ಅಕ್ಷರಶೈಲಿಯನ್ನೂ ಜೊತೆಗೆ ಒಯ್ಯಬೇಕೆಂಬ, ಕನ್ನಡ ಬೆರಳಚ್ಚು ಮಾಡುವ ಎಲ್ಲರಿಗೂ ಗೊತ್ತಿರುವ ಎಚ್ಚರಿಕೆಯನ್ನು ನಾನು ಮರೆತಿದ್ದೆ. ಸಭೆ ಗೊಳ್ಳೆಂದಿತು. ನಾಗವೇಣಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಪ್ರಾರ್ಥನೆಯ ದಿನದ ಅದೇ ಮುಖ. ನಾನು ಕೊಟ್ಟ ಮಾತು ಅವಳ ಹಿಂದೆ ಗೋಡೆಯ ಮೇಲೆ ಚೂರುಚೂರಾಗಿ ನೇತಾಡುತ್ತಿತ್ತು.

ನಸ್ರೀನ್ ಸಾಲು ಸಾಲು ಸ್ಲೈಡುಗಳನ್ನು ಹಾರಿಸಿ ಒಂದು ಚಿತ್ರದ ಬಳಿ ನಿಲ್ಲಿಸಿದಳು. ಸಂತೆಯಲ್ಲಿ ಕಾಯಿ ಗುಡ್ಡೆಯ ಹಿಂದೆ ಕೂತ ನಾಗವೇಣಿಯ ದೊಡ್ಡಮ್ಮ.

"ಲೇ, ಓದೋಕೆ ಏನೂ ಉಳ್ದಿಲ್ಲ. ನಿಮ್ ದೊಡ್ಡಮ್ಮನ್ನ ನೋಡ್ಕೊಂಡು ಹೇಳೇ!" ಅವಳ ಪಿಸುಮಾತು ಕೊನೆಯ ಸಾಲಿಗೂ ಕೇಳಿಸಿತು.

ನಾಗವೇಣಿ ಚಿತ್ರದ ಕಡೆ ತಿರುಗಿದಳು. ಆಮೇಲೆ ಸಣ್ಣ ದನಿಯೊಂದು ಬಂತು. "ಇವ್ರು ನಮ್ಮ ದೊಡ್ಡಮ್ಮ. ಕಾಯಿ ಮಾರ್ತಾರೆ. ಹಬ್ಬ ಬಂದ್ರೆ ಇವ್ರ ದನಿ ಜೋರು, ಹಬ್ಬ ಹೋಯ್ತು ಅಂದ್ರೆ ಕೊಳ್ಳೋರ ದನಿ ಜೋರು." ಯಾರೋ ನಕ್ಕರು, ಆದರೆ ಈ ಸಲ ನಗು ಬೇರೆ ಥರದ್ದು. ನಸ್ರೀನ್ ಗೆರೆಗಳ ಸ್ಲೈಡು ಹಾಕಿದಳು. ಹೆಸರುಗಳೆಲ್ಲ ಕೆಟ್ಟಿದ್ದವು, ಗೆರೆಗಳು ಮಾತ್ರ ಗೆರೆಗಳಾಗಿಯೇ ಉಳಿದಿದ್ದವು, ಅವುಗಳ ನಡುವೆ ನಮ್ಮ ಮನೆಯ ಕಲೆ.

"ಇದು ಕೊಳ್ಳೋರ ಗೆರೆ, ಇದು ಮಾರೋರ ಗೆರೆ. ಬೆಲೆ ಕೂರೋದು ಇಲ್ಲಿ, ಈ ಕಲೆ ಹತ್ರ."

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ, ಪುಸ್ತಕದಲ್ಲಿ ಅದು ಬಿಂದು. ನಿಂದು ಇಷ್ಟು ದಪ್ಪ ಯಾಕೆ?"

ನಾನು ಕಣ್ಣು ಮುಚ್ಚಿಕೊಂಡೆ. ಕಾಫಿ ಎಂದುಬಿಡುತ್ತಾಳೆ!

"ಸಂತೇಲಿ ಬಿಂದು ಇರಲ್ಲ ಸಾರ್. ಬೆಲೆ ಕುದುರಿದ ಮೇಲೂ ದೊಡ್ಡಮ್ಮ ಹತ್ತು ಕಾಯಿಗೆ ಮೇಲೊಂದು ಸಣ್ಣದು ಕೊಸರು ಹಾಕ್ತಾರೆ. ಹಾಕ್ದೆ ಇದ್ರೆ ಕೊಂಡೋರು ಮುಂದಿನ ವಾರ ಬರಲ್ಲ. ಅದಕ್ಕೇ ಇದು ಬಿಂದುವಿಂದಾಚೆಗೂ ಒಂಚೂರು ಹರಡಿದೆ."

ಇಷ್ಟು ವರ್ಷ ಓದಿ, ಇಷ್ಟು ವರ್ಷ ಕಲಿಸಿ, ವಾರವಾರವೂ ಸೊಪ್ಪಿನವಳ ಹತ್ತಿರ ಜಗಳವಾಡಿ ಕೊಸರು ಇಸಿದುಕೊಂಡ ನಾನು ಆ ಒಂದು ಹಿಡಿ ಕೊತ್ತಂಬರಿಯನ್ನು ಆ ನಕ್ಷೆಯೊಳಗೆ ಎಂದೂ ಇಟ್ಟು ನೋಡಿರಲಿಲ್ಲ. ಹಿರಿಯರು ಬಿದ್ದು ಬಿದ್ದು ನಗುತ್ತ ಚಪ್ಪಾಳೆ ಹೊಡೆದರು. ನಾಗವೇಣಿ ಆಮೇಲೂ ಮಾತಾಡಿದಳು. ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ.

ಅವಳಿಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ. ವಾಪಸು ಬಸ್ಸಿನಲ್ಲಿ ನಸ್ರೀನ್ ಕೇಳಿದಳು, "ಮೇಡಂ, ಮೂರು ಬಹುಮಾನ ಕೊಟ್ಟ ಮೇಲೆ ಕೊಡ್ತಾರಲ್ಲ, ಇದು ಕೊಸರೇ ತಾನೇ?" ನಾಗವೇಣಿ ಅವಳ ತೊಡೆಗೆ ಚಿವುಟಿ, "ಕೊಸರು ಕಾಯಿ ಚಿಕ್ಕದಾದ್ರೂ ಸಿಹಿ ಕಣೇ" ಎಂದಳು. ನಾನು ದಾರಿಯುದ್ದಕ್ಕೂ ಯೋಚಿಸಿದ್ದು ಅಕ್ಷರಗಳ ಬಗ್ಗೆ. ನೆನಪೂ ಹೀಗೇ ಅಲ್ಲವೇ, ಚಿತ್ರ ಉಳಿಯುತ್ತದೆ, ಕೆಳಗಿನ ಬರಹ ಕುಲಗೆಟ್ಟುಹೋಗುತ್ತದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೇಲುಹಾಸನ್ನು ಬಿಡಿಸಿ ನೋಡಿದ ಅಮ್ಮ, "ಕಾಫಿ ಅಂತೆ, ಕಾಫಿ! ಕಾಫಿ ಆಗಿದ್ರೆ ಒಂದೇ ಒಗೆತಕ್ಕೆ ಹೋಗಿರೋದು. ನಿಂಗೆ ಜ್ವರ ಬಂದಿದ್ದಾಗ ನಾನು ಕುಡಿಸೋಕೆ ಹೋಗಿ ಚೆಲ್ಲಿದ್ದು ಕಣೇ. ಎಳನೀರು!" ಎಂದಳು.

ದಿನಚರಿ ತೆಗೆದು ಹುಡುಕಿದೆ. ಜ್ವರದ ಆ ವಾರದ ಪುಟಗಳು ಖಾಲಿ. ಹಾಗಾದರೆ ಆ ಭಾನುವಾರ, ಆ ಉತ್ತರಪತ್ರಿಕೆ, ಆ ಲೋಟ? ಎಲ್ಲಿಂದ ತಂದು ಅಂಟಿಸಿದೆನೋ!

ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. "ಕಾಫಿ ಅಲ್ಲವಂತೆ, ಎಳನೀರಿನ ಕಲೆಯಂತೆ. ಹೋಗೋದೇ ಇಲ್ಲವಂತೆ." ತರಗತಿ ಹೋ ಎಂದಿತು. ಆ ಗದ್ದಲದ ಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, ಕೈ ಎತ್ತದೆ, ಕೇಳದೆ: "ಮೇಡಂ, ಒಂಚೂರು ಎಡಕ್ಕೆ ಎಳೀರಿ, ಬೆಲೆ ಇನ್ನೂ ಕೂತಿಲ್ಲ." ನಾಗವೇಣಿ. ನಾನು ಬಟ್ಟೆಯ ಅಂಚು ಹಿಡಿದು ಎಳೆದೆ. ಎರಡು ಗೆರೆಗಳೂ ಬಂದು ಎಳನೀರಿನೊಳಗೆ ಸೇರಿದವು.