ನೀಲಿ ಹರವಿಯ ಆಯಿ

ಮೊನ್ನೆ ನಮ್ಮ ಓಣಿಯಲ್ಲಿ ಯಾರೋ ಗೋಡೆಗೆ ಬಳಿಯಲು ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ಸುಣ್ಣ ಕುದಿಯುವಾಗ ಏಳುವ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಒಳಗೆ ಹೋದೆ, ಹೊರಗೆ ಬಂದೆ. ಕೂಡಲಾಗಲಿಲ್ಲ. ಬನಹಟ್ಟಿಯ ಆಯಿ ನೆನಪಾದಳು...

ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿದ್ದ ಕಾಲ. ನಾನು ಜಮಖಂಡಿಯವನು, ಬನಹಟ್ಟಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಯಾವಾಗ ತೆಗೆದುಹಾಕುತ್ತಾರೋ ಎಂಬ ಅಂಜಿಕೆ. ಊರಿಗೆ ವರ್ಗವಾದೀತೇ ಎಂಬ ಆಸೆ. ನಿಂತಲ್ಲಿ ನಿಲ್ಲುವ ಜೀವವಾಗಿರಲಿಲ್ಲ ನನ್ನದು. ನನ್ನ ಬಾಡಿಗೆ ಕೋಣೆಯ ಎದುರಿಗೇ, ಓಣಿಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿನ ಮನೆ. ನೇಕಾರರು ತಂದುಕೊಟ್ಟ ನೂಲಿಗೆ ನೀಲಿ ಹಾಕುವುದು ಆಕೆಯ ಕಸುಬು. ಅಂಗಳದಲ್ಲಿ ಕತ್ತಿನ ತನಕ ಹುಗಿದ ದೊಡ್ಡ ಮಣ್ಣಿನ ಹರವಿ. ಮೊಣಕೈವರೆಗೂ ನೀಲಿಯಾದ ಕೈಗಳು.

ಒಂದು ದಿನ ಏಳನೇ ಇಯತ್ತೆಯ ಮಕ್ಕಳಿಗೆ ಭೌತ ಬದಲಾವಣೆ, ರಾಸಾಯನಿಕ ಬದಲಾವಣೆಯ ಪಾಠ ಹೇಳುತ್ತಿದ್ದೆ. ನೀರಿನಲ್ಲಿ ಕರಗಿದ ಉಪ್ಪು ನೀರು ಆರಿದರೆ ಮತ್ತೆ ಸಿಗುತ್ತದೆ, ಅದು ಭೌತ. ಸುಟ್ಟ ಕಟ್ಟಿಗೆ ಮತ್ತೆ ಕಟ್ಟಿಗೆಯಾಗುವುದಿಲ್ಲ, ಅದು ರಾಸಾಯನಿಕ. ಹೊಳ್ಳಿ ಬಂದರೆ ಒಂದು, ಬಾರದಿದ್ದರೆ ಇನ್ನೊಂದು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಆಯಿ ಹರವ್ಯಾಗ ನೀಲಿ ಹಾಕಿದ್ರ ಅದು ಹಳದಿ ಆಗತೈತ್ರಿ. ನೂಲು ಹೊರಗ ತೆಗದ್ರ ಹೊಳ್ಳಿ ನೀಲಿ. ಅದು ಯಾವುದ್ರಿ?”

ನನಗೆ ಗೊತ್ತಿರಲಿಲ್ಲ. ಗದರಿಸಿ ಕೂಡಿಸಿದೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಜೆ ಆಯಿಯ ಅಂಗಳಕ್ಕೆ ಹೋದೆ. ಆಕೆ ಹರವಿಯಿಂದ ನೂಲಿನ ಲಡಿಯೊಂದನ್ನು ಎತ್ತಿದಳು. ಹಸಿರು ಬೆರೆತ ಹಳದಿ. ನಾನು ನೋಡುತ್ತಿದ್ದಂತೆ ಅಂಚಿನಿಂದ ನೀಲಿ ಏರಿತು.

“ಒಳಗ ಸುಣ್ಣ, ಬೆಲ್ಲ ಕೂಡಿ ಅದನ್ನ ಬ್ಯಾರೆನ ಮಾಡಿರತಾವ್ರಿ ಮಾಸ್ತರ. ಗಾಳಿ ಕುಡೀತಂದ್ರ ಮತ್ತ ನೀಲಿ,” ಎಂದಳು.

ಬೇರೆಯೇ ಮಾಡಿರುತ್ತವೆ! ಹೊಳ್ಳಿ ಬರುತ್ತದೋ ಇಲ್ಲವೋ ಎಂಬುದಲ್ಲ, ಬೇರೊಂದು ವಸ್ತು ಆಯಿತೋ ಇಲ್ಲವೋ ಎಂಬುದೇ ನೋಡಬೇಕಾದದ್ದು. ಮರುದಿನ ತರಗತಿಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಅಷ್ಟು ಧೈರ್ಯ ಅಂದು ಇತ್ತು.

ಕೆಲವು ದಿನಗಳಲ್ಲೇ ಶಾಲೆ ತಪಾಸಣೆಗೆ ಸಾಹೇಬರು ಬರುವ ಸುದ್ದಿ ಬಂತು. ಅವರ ಮುಂದೆ ಸುಣ್ಣಕ್ಕೆ ನೀರು ಹಾಕಿ ಅದು ಕುದಿಯುವುದನ್ನು ತೋರಿಸಬೇಕೆಂದುಕೊಂಡೆ. ಆ ದಿನ ಆಯಿ ತಾನೇ ಶಾಲೆಗೆ ಸುಣ್ಣದ ಹರಳು ತಂದುಕೊಟ್ಟು, ಮೇಜಿನ ಪಕ್ಕ ನಿಂತಳು.

“ಒಮ್ಮೆಲೆ ನೀರು ಸುರಿಬ್ಯಾಡ್ರಿ. ಚೂರು ಚೂರ ಹಾಕ್ರಿ. ಮೊದಲ ಸುಮ್ಮನ ಇರತೈತಿ, ಆಮ್ಯಾಲ ಸಿಡೀತೈತಿ.”

ಸಾಹೇಬರು ಬರುವುದು ತಡವಾಯಿತು. ಹೆಡ್‌ಮಾಸ್ತರರು ಅವರನ್ನು ಕಾಯಲು ಹೊರಗೆ ಹೋದರು. ನಾನು ಹತ್ತು ಸಲ ಬಾಗಿಲಿಗೆ ಹೋಗಿ ಬಂದೆ. ಒಮ್ಮೆ ಮಾಡಿ ನೋಡೋಣವೆಂದು ಒಂದು ಹರಳಿಗೆ ನಾಲ್ಕು ಹನಿ ಹಾಕಿದೆ. ಏನೂ ಆಗಲಿಲ್ಲ. ಸಾಹೇಬರ ಮುಂದೆಯೂ ಹೀಗೇ ಆದರೆ? ತಂಬಿಗೆಯನ್ನೇ ಬಗ್ಗಿಸಿಬಿಟ್ಟೆ.

ಸುಣ್ಣ ಕೊತಕೊತನೆ ಕುದಿದು ಸಿಡಿಯಿತು. ಅಂದು ಪ್ರಶ್ನೆ ಕೇಳಿದ್ದ ಹುಡುಗಿ ಬಗ್ಗಿ ನೋಡುತ್ತಿದ್ದಳು. ಆಯಿ ತನ್ನೆರಡೂ ಕೈಗಳನ್ನು ಅವಳ ಮುಖಕ್ಕೆ ಅಡ್ಡ ಹಿಡಿದಳು.

ಕೂಗು ಕೇಳಿ ಹೆಡ್‌ಮಾಸ್ತರರು ಓಡಿ ಬಂದಾಗ ನಾನು ಆಯಿಯ ಸುಟ್ಟ ಕೈಗೆ ಕೊಡ ಕೊಡ ನೀರು ಸುರಿಯುತ್ತಿದ್ದೆ. “ಯಾರು ನೀರು ಹಾಕಿದವ್ರು?” ಎಂದರು. ಮಕ್ಕಳೆಲ್ಲ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಇನ್ನೊಂದು ಕೊಡ ಎತ್ತಿಕೊಂಡೆ.

“ನಾನ ಹಾಕೇನ್ರಿ,” ಎಂದಳು ಆಯಿ. “ಮಾಸ್ತರ ಬ್ಯಾಡ ಬ್ಯಾಡ ಅಂದ್ರು.”

ಹೆಡ್‌ಮಾಸ್ತರರು ಆಕೆಯನ್ನು ಬೈದು ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಸಾಹೇಬರು ಬಂದರು. ನಾನು ಪಾಠ ಹೇಳಿದೆ. ಚೆನ್ನಾಗಿದೆ ಎಂದು ಬರೆದು ಹೋದರು.

ಸಂಜೆ ಹೋಗಿ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. “ನಿಮ್ಮ ನೌಕರಿ ಇನ್ನ ಕಾಯಂ ಆಗಿಲ್ಲಲ್ರಿ,” ಎಂದಳು ಅಷ್ಟೇ.

ನೀಲಿ ಹರವಿಯನ್ನು ದಿನಾ ಕದಡಿ, ಬೆಲ್ಲ ಹಾಕಿ ನೋಡಿಕೊಳ್ಳದಿದ್ದರೆ ಕೆಟ್ಟುಹೋಗುತ್ತದೆ. ಕೈ ಮಾಯುವ ತನಕ ಆಕೆ ಕಟ್ಟೆಯ ಮೇಲೆ ಕುಳಿತು ಹೇಳಿದಂತೆ ನಾನು ಮುಂಜಾನೆ ಮುಂಜಾನೆ ಅದನ್ನು ಮಾಡಿದೆ. ನನ್ನ ಕೈಯೂ ನೀಲಿಯಾಯಿತು. ಅವಳ ಕೈಗೆ ಹೊಸ ಚರ್ಮವೇನೋ ಬಂತು. ಆದರೆ ಸುಣ್ಣದ ನೀರು ತಾಕಿದರೆ ಉರಿ ತಡೆಯಲಾಗುತ್ತಿರಲಿಲ್ಲ. ಅಷ್ಟರಲ್ಲಿ ನಾನು ಕಾಯಂ ಆದೆ, ಜಮಖಂಡಿಗೆ ವರ್ಗವೂ ಆಯಿತು. ಬೇಡವೆನ್ನಲಿಲ್ಲ, ಹೋದೆ. ಮರುವರ್ಷ ಬನಹಟ್ಟಿಗೆ ಹೋದಾಗ ಅಂಗಳದಲ್ಲಿ ಹರವಿ ಇರಲಿಲ್ಲ. ಕೆಲಸ ಬಿಟ್ಟು ಲೋಕಾಪುರದ ಮಗಳ ಮನೆ ಸೇರಿದ್ದಳಂತೆ, ಅಲ್ಲೇ ತೀರಿಕೊಂಡಳಂತೆ...

ನಿವೃತ್ತನಾಗುವವರೆಗೂ ವರ್ಷ ವರ್ಷ ಆ ಪಾಠ ಮಾಡಿದೆ. ಆಯಿಯ ಕಥೆಯನ್ನೂ ಹೇಳಿದೆ, ಆಕೆಯ ಕೈ ಸುಟ್ಟದ್ದನ್ನೂ ಹೇಳಿದೆ. ಮಕ್ಕಳು “ನೀರು ಯಾರು ಹಾಕಿದ್ರು ಸರ?” ಎಂದಾಗಲೆಲ್ಲ ಮಾತು ತಿರುಗಿಸಿದೆ. ಹಾಕಿದವನು ನಾನು. ಇದನ್ನು ಕೇಳಬೇಕಾದವರು ಈಗ ಯಾರೂ ಉಳಿದಿಲ್ಲ.