ಗೇರಿಲ್ಲದ ಕಾರಿನ ನಡುಕ

ಕಾರಣವಿಲ್ಲದೆ ಒಂದು ನಟ್ಟೂ ಸಡಿಲವಾಗುವುದಿಲ್ಲ ಎಂದು ನಂಬಿ ಬದುಕಿದವನು ನಾನು. ಮದ್ದೂರಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ನನ್ನದೊಂದು ಕಾರು ರಿಪೇರಿ ಶೆಡ್ಡು ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನ, ಗಾಡಿಗೆ ಯಾರದೋ ಕಣ್ಣು ಬಿದ್ದಿದೆ ಎಂದೇ ಮಾತು ಶುರು ಮಾಡುತ್ತಿದ್ದರು. ನಿಂಬೆಹಣ್ಣು ಆಮೇಲೆ ಕಟ್ಟುವಿರಂತೆ, ಮೊದಲು ಪ್ಲಗ್ಗು ಬದಲಾಯಿಸೋಣ ಎಂದು ನಾನು ನಗುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಆಗ ಯಾರಾದರೂ ನನ್ನ ಮುಂದೆ ಹೇಳಿದ್ದರೆ ಮೊದಲು ಗೇಲಿ ಮಾಡುತ್ತಿದ್ದವನು ನಾನೇ. ಆದ್ದರಿಂದ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಮಾತು. ಮಳವಳ್ಳಿಯಲ್ಲಿ ಒಬ್ಬ ಡಾಕ್ಟರಿದ್ದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಎಡಗಾಲು ಸೋತುಹೋಗಿತ್ತು. ಕಂಕುಳಲ್ಲಿ ಊರುಗೋಲು ಇಲ್ಲದೆ ನಡೆಯುತ್ತಿರಲಿಲ್ಲ. ಎಡಗಾಲಿಂದ ಕ್ಲಚ್ಚು ತುಳಿಯಲಾಗದ ಅವರು ನಮ್ಮ ಕಡೆ ಸಿಗುವ ಯಾವ ಕಾರನ್ನೂ ಓಡಿಸುವಂತಿರಲಿಲ್ಲ. ಆದರೆ ಬೆಂಗಳೂರಿನಲ್ಲಿದ್ದ ಯಾವನೋ ವಿದೇಶಿ ಸಾಹೇಬ ತನ್ನ ದೇಶಕ್ಕೆ ಹೊರಡುವಾಗ ಮಾರಿದ ಒಂದು ದೊಡ್ಡ ಹಳೇ ಕಾರು ಇವರಿಗೆ ಸಿಕ್ಕಿತ್ತು. ಅದರ ಸ್ಟೀರಿಂಗು ಎಡಗಡೆ. ಕ್ಲಚ್ಚಿಲ್ಲ, ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು. ಬಲಗಾಲೊಂದಿದ್ದರೆ ಸಾಕು. ಜನ ಅವರಿಗೆ 'ಗೇರಿಲ್ಲದ ಕಾರಿನ ಡಾಕ್ಟ್ರು' ಎಂದೇ ಹೆಸರಿಟ್ಟಿದ್ದರು.

ಆ ಕಾರಿನಲ್ಲಿ ಅವರು ವಾರಕ್ಕೆ ನಾಲ್ಕು ದಿನ ಮಳವಳ್ಳಿಯಿಂದ ಮದ್ದೂರಿನವರೆಗಿನ ಹಳ್ಳಿಗಳನ್ನು ಸುತ್ತುತ್ತಿದ್ದರು. ಬಸ್ಸು ಹೋಗದ ಊರುಗಳವು. ಇವರ ಹಾರನ್ ಕೇಳಿದರೆ ಬಾಣಂತಿಯರು ಮಗು ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ನನ್ನ ಹೆಂಡತಿಯ ಎರಡನೇ ಹೆರಿಗೆ ಕಷ್ಟವಾದಾಗ ನಮ್ಮೂರಿಗೆ ಬಂದು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವರು ಅವರೇ. ಹಾಗಾಗಿ ಆ ಕಾರು ನನ್ನ ಶೆಡ್ಡಿಗೆ ಬಂದರೆ ಉಳಿದ ಗಾಡಿಗಳೆಲ್ಲ ಕಾಯಬೇಕಾಗಿತ್ತು.

ಒಂದು ದಿನ ಡಾಕ್ಟರು ಬಂದು, ನಲವತ್ತು ಮೈಲಿ ವೇಗ ಮುಟ್ಟುತ್ತಿದ್ದ ಹಾಗೆ ಕಾರು ಅದುರುತ್ತದೆ, ಸ್ಟೀರಿಂಗು ಕೈಯಲ್ಲಿ ನಡುಗುತ್ತದೆ ಎಂದರು. ಹಿಂದಿನ ಸೀಟಿನಲ್ಲಿ ಔಷಧಿ ಪೆಟ್ಟಿಗೆ ಹಿಡಿದು ಕೂರುತ್ತಿದ್ದ ಅವರ ಕಾಂಪೌಂಡರ್ ಸಿದ್ದಯ್ಯನೂ ಹೌದೆಂದ. "ಬಾಟ್ಲೆಲ್ಲ ಗಲಗಲ ಅಂತವೆ ಕಣಣ್ಣ" ಎಂದು ಅವನ ದೂರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಡಾಕ್ಟರಂಥವರು ಶೆಡ್ಡಿಗೆ ಬಂದರೆ ಅವರನ್ನು ಅಲೆದಾಡಿಸುವುದುಂಟೆ? ಹೊಂಗೆ ಮರದ ನೆರಳಿಗೆ ಕುರ್ಚಿ ಹಾಕಿ, ಅದರ ಮೇಲೆ ಒಗೆದ ಟವೆಲ್ ಹಾಸಿ ಕೂರಿಸಿ, ಪಕ್ಕದ ಹೋಟೆಲಿನಿಂದ ವಡೆ, ಕಾಫಿ ತರಿಸುತ್ತಿದ್ದೆ. ಅವರು ಅದನ್ನು ಮುಗಿಸುವಷ್ಟರಲ್ಲಿ ನಾನೊಬ್ಬನೇ ಗೆಜ್ಜಲಗೆರೆಯವರೆಗೆ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದೆ. ಅವತ್ತೂ ಹಾಗೇ ಮಾಡಿದೆ. ನಲವತ್ತು, ಐವತ್ತು, ಐವತ್ತೈದು ಮೈಲಿ ಮುಟ್ಟಿಸಿದೆ. ಕಾರು ಒಂದು ಚೂರೂ ಅದುರಲಿಲ್ಲ.

ಆದರೂ ಚಕ್ರಗಳನ್ನು ಬಿಚ್ಚಿ ತೂಕ ಸರಿಮಾಡಿ ಕಳಿಸಿದೆ. ನಾಲ್ಕು ದಿನಕ್ಕೆ ಡಾಕ್ಟರು ಮತ್ತೆ ಬಂದರು. "ಹಾಗೇ ಇದೆಯಲ್ಲಯ್ಯ" ಎಂದರು. ಮತ್ತೆ ಕುರ್ಚಿ, ಟವೆಲ್, ಕಾಫಿ. ಎಂಜಿನ್ ಕೂರುವ ಫೌಂಡೇಶನ್ ರಬ್ಬರುಗಳನ್ನು ಬದಲಾಯಿಸಿದೆ. ಮುಂದಿನ ವಾರ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟನ್ನು ಕೆಳಗಿಳಿಸಿ ಎರಡೂ ಕಡೆಯ ಜಾಯಿಂಟು ನೋಡಿದೆ. ಮತ್ತೆ ಕೂರಿಸಿ, ತಿರುಗುತ್ತಿರುವ ಶಾಫ್ಟಿನ ಹತ್ತಿರ ಸೀಮೆಸುಣ್ಣ ಹಿಡಿದು, ಎಲ್ಲಿ ಗೀರು ಬೀಳುತ್ತದೋ ಅದರ ಎದುರು ಬದಿಗೆ ತಂತಿ ಬಿಗಿದು ಸರಿದೂಗಿಸಿದೆ. ನಾನು ಓಡಿಸಿದಾಗ ಕಾರು ಬೆಣ್ಣೆಯ ಹಾಗೆ ಹೋಗುತ್ತಿತ್ತು. ಡಾಕ್ಟರು ಓಡಿಸಿದರೆ ಅದುರುತ್ತಿತ್ತು. ಹೀಗೇ ಎರಡು ತಿಂಗಳು ಕಳೆಯಿತು. ಊಟಕ್ಕೆ ಕೂತರೂ ನನಗೆ ಅದೇ ಯೋಚನೆ. ಆ ಕಾರಿನ ವಿಷಯ ಎತ್ತಿದವರ ಮೇಲೆ ರೇಗುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಡಾಕ್ಟರು ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಊರುಗೋಲಿನ ಮೇಲೆ ಭಾರ ಹಾಕಿ ನಿಂತು, ಕಾರು ಮಾರುತ್ತೇನೆ ಎಂದರು. ನಡುಗುವ ಸ್ಟೀರಿಂಗು ಹಿಡಿದು ಯಾರ ಮೇಲಾದರೂ ಹತ್ತಿಸಿಬಿಟ್ಟರೆ ಏನು ಗತಿ ಎಂಬ ಭಯ ಅವರಿಗೆ. ಇಂಥ ಇನ್ನೊಂದು ಕಾರು ಎಲ್ಲೂ ಸಿಗುವುದಿಲ್ಲ, ಇನ್ನು ಹಳ್ಳಿಗಳಿಗೆ ಹೋಗುವುದು ಮುಗಿದ ಹಾಗೆ ಎಂದು ತಣ್ಣಗೆ ಹೇಳಿದರು. ನನಗೆ ಅಳುವೇ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಕೈಲಾಗದ್ದಕ್ಕೆ ಅಷ್ಟು ಊರಿನವರು ಡಾಕ್ಟರನ್ನು ಕಳೆದುಕೊಳ್ಳಬೇಕೆ?

"ಇವತ್ತೊಂದಿನ ನಂಗೆ ಬುಟ್ಬುಡಿ ಡಾಕ್ಟ್ರೇ," ಎಂದೆ. "ನೀವೇ ಓಡ್ಸಿ, ನಾ ಪಕ್ದಲ್ ಕೂತ್ಕತೀನಿ. ಅದೆಲ್ ಅದುರ್ತದೋ ನೋಡೇಬುಡಾನ."

ಎರಡು ತಿಂಗಳಲ್ಲಿ ಈ ಮಾತು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಮರ್ಯಾದೆ ಕೊಡುವ ಭರದಲ್ಲಿ ಕಾಯಿಲೆ ಹೇಳಿಕೊಂಡು ಬಂದವರನ್ನೇ ಹೊರಗೆ ಕೂರಿಸಿದ್ದೆ.

ಮಳವಳ್ಳಿ ರಸ್ತೆ ಹಿಡಿದೆವು. ಒಳ್ಳೇ ಬಿಸಿಲು, ಹತ್ತೂವರೆ ಗಂಟೆಯಿರಬೇಕು. ಸಿದ್ದಯ್ಯ ಹಿಂದೆ ಕೂತಿದ್ದ. ಭಾರತೀನಗರದ ಹತ್ತಿರ ಮುಳ್ಳು ನಲವತ್ತು ಮುಟ್ಟಿತು. ಕಾರು ಅದುರತೊಡಗಿತು. ನಾನು ಕೂತಿದ್ದ ಸೀಟು, ಕಾಲ ಕೆಳಗಿನ ತಗಡು, ಎದುರಿನ ಡ್ಯಾಶ್‌ಬೋರ್ಡು ಎಲ್ಲ ನಡುಗುತ್ತಿದ್ದವು. ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಕಡೆಗೂ ಸಿಕ್ಕಿಬಿದ್ದೆಯಾ ಎಂದುಕೊಂಡೆ.

ಇಂಥ ನಡುಕ ಹುಡುಕಲು ಒಂದು ಕ್ರಮವಿದೆ. ಲಿವರನ್ನು ನ್ಯೂಟ್ರಲ್‌ಗೆ ಹಾಕಿ ಕಾರನ್ನು ಹಾಗೇ ಹರಿಯಬಿಡಬೇಕು. ನಡುಕ ಹೋದರೆ ದೋಷ ಎಂಜಿನ್ ಕಡೆಯದು, ಉಳಿದರೆ ಚಕ್ರದ ಕಡೆಯದು. ಡಾಕ್ಟರು ನ್ಯೂಟ್ರಲ್‌ಗೆ ಹಾಕಿದರು. ನಡುಕ ಉಳಿಯಿತು. ಹಾಗಾದರೆ ಚಕ್ರವೇ ಎಂದುಕೊಂಡು, ವೇಗ ಇಳಿಯಲಿ ಎಂದೆ. ಮೂವತ್ತಕ್ಕೆ ಬಂತು, ಇಪ್ಪತ್ತಕ್ಕೆ ಬಂತು. ಚಕ್ರದ ದೋಷವಾಗಿದ್ದರೆ ಅಷ್ಟರಲ್ಲಿ ಕಡಿಮೆಯಾಗಬೇಕು. ಆಗಲಿಲ್ಲ. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕಾರು ಪೂರ್ತಿ ನಿಂತಿತು. ಆಗಲೂ ಅದುರುತ್ತಿತ್ತು.

"ಎಂಜಿನ್ ಆಫ್ ಮಾಡಿ ಡಾಕ್ಟ್ರೇ."

"ಮಾಡಿದೀನಲ್ಲಯ್ಯ" ಎಂದು ಅವರು ಕೀಲಿ ತೋರಿಸಿದರು.

ಕೀಲಿ ಅವರ ಅಂಗೈಯಲ್ಲಿತ್ತು. ಕಾರು ಅದುರುತ್ತಲೇ ಇತ್ತು.

ಆದರೂ ನನ್ನ ಕೈ ಕೆಲಸ ಬಿಡಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರಿನ ಕೆಳಗೆ ತೂರಿದೆ. ಅದರ ತುದಿಯನ್ನು ಲೋಹಕ್ಕೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಗೇರ್‌ಬಾಕ್ಸಿಗೆ ಇಟ್ಟೆ. ದಬ್ ದಬ್, ದಬ್ ದಬ್, ಆಮೇಲೆ ಒಂದು ಖಾಲಿ, ಮತ್ತೆ ದಬ್ ದಬ್. ಶಾಫ್ಟಿಗೆ ಇಟ್ಟೆ, ಚೌಕಟ್ಟಿಗೆ ಇಟ್ಟೆ. ಎಲ್ಲಿ ಇಟ್ಟರೂ ಅದೇ ಸದ್ದು, ಅದೇ ಖಾಲಿ. ಬಿಸಿ ಲೋಹ ತಣ್ಣಗಾಗುವಾಗ ಟಿಕ್ ಟಿಕ್ ಎನ್ನುವುದು ನನಗೆ ಗೊತ್ತು. ಇದು ಅದಲ್ಲ.

ಡಾಕ್ಟರಿಗೆ ಕೆಳಗಿಳಿಯಲು ಹೇಳಿದೆ. ಊರುಗೋಲು ಊರಿ ಅವರು ರಸ್ತೆಗೆ ಕಾಲಿಟ್ಟ ಕೂಡಲೇ ಕಾರು ಕಲ್ಲಿನ ಹಾಗೆ ನಿಂತಿತು. ಮತ್ತೆ ಕೂತರು, ನಿಂತಲ್ಲೇ ಶುರುವಾಯಿತು; ಈಗ ಅದಕ್ಕೆ ನಲವತ್ತರ ವೇಗವೂ ಬೇಕಿರಲಿಲ್ಲ. ಸಿದ್ದಯ್ಯ ಕೈಮುಗಿದು, "ಬ್ಯಾಡ ಬನ್ನಿ ಬುದ್ಧಿ, ಬಸ್ಸಲ್ ಓಗ್ಬುಡಾನ" ಎಂದು ಗೋಗರೆದ. ಡಾಕ್ಟರು ಅವನಿಗೆ ಸುಮ್ಮನಿರಲು ಹೇಳಿ, ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ನಿಧಾನವಾಗಿ ತಮ್ಮ ಎಡ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡರು. ಅವರ ಮುಖದ ಬಣ್ಣ ಹೋಯಿತು.

"ಇಲ್ಲಿ ಬಾ" ಎಂದು ನನ್ನನ್ನು ಕರೆದು, ನನ್ನ ಒಂದು ಕೈಯನ್ನು ಸ್ಟೀರಿಂಗಿನ ಮೇಲೂ ಇನ್ನೊಂದನ್ನು ತಮ್ಮ ನಾಡಿಯ ಮೇಲೂ ಇಡಿಸಿದರು. ಎರಡೂ ಒಟ್ಟಿಗೆ ಬಡಿಯುತ್ತಿದ್ದವು. ಎರಡೂ ಒಟ್ಟಿಗೇ ತಪ್ಪುತ್ತಿದ್ದವು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಎರಡು ತಿಂಗಳಿಂದ ಡಾಕ್ಟರಿಗೆ ತಲೆ ಸುತ್ತುತ್ತಿತ್ತಂತೆ. ಕಾರು ಅದುರುವುದರಿಂದ ಇರಬೇಕೆಂದು ಅವರು ಉಪೇಕ್ಷೆ ಮಾಡಿದ್ದರು. "ನೀನು ಓಡಿಸು. ಮಂಡ್ಯದ ಆಸ್ಪತ್ರೆಗೆ ನಡಿ" ಎಂದವರು ಹಿಂದಿನ ಸೀಟಿಗೆ ಹೋಗುವಷ್ಟರಲ್ಲಿ ಬೆವತು ಒದ್ದೆಯಾಗಿದ್ದರು. ಸಿದ್ದಯ್ಯನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು.

ಆ ದಾರಿಯನ್ನು ನಾನು ಹೇಗೆ ಮುಗಿಸಿದೆನೋ! ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಗಾಡಿಗಳ ಸಾಲು ರಸ್ತೆ ತುಂಬ. ಹಾರನ್ ಮೇಲಿಂದ ಕೈ ತೆಗೆಯದೆ, ಸಿಕ್ಕ ಕಡೆ ಮಣ್ಣಿಗಿಳಿಸಿ ಓಡಿಸಿದೆ. ಸ್ಟೀರಿಂಗಿನಲ್ಲಿ ಆ ಬಡಿತ ನನ್ನ ಅಂಗೈಗೆ ತಾಗುತ್ತಲೇ ಇತ್ತು. ಬರಬರುತ್ತ ನಡುವಿನ ಖಾಲಿ ಉದ್ದವಾಯಿತು. ಬಡಿತ ನಿಂತಿತು ಅನ್ನಿಸಿದಾಗಲೆಲ್ಲ, "ಅಳ್ಳಾಡ್ಸು ಸಿದ್ದಯ್ಯ, ಮಾತಾಡ್ಸು!" ಎಂದು ಕೂಗುತ್ತಿದ್ದೆ. ಅವನು ಹಿಂದಿನಿಂದ ಡಾಕ್ಟರನ್ನು ಅಲುಗಿಸಿ ಕರೆಯುತ್ತಿದ್ದ, ನನ್ನ ಕೈಯಲ್ಲಿ ಮತ್ತೆ ದಬ್ ಎನ್ನುತ್ತಿತ್ತು. ನಾನು ಹಿಂದಕ್ಕೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಸ್ಟ್ರೆಚರಿಗೆ ಎತ್ತಿಕೊಂಡ ಕ್ಷಣವೇ ಕಾರು ಸ್ತಬ್ಧವಾಯಿತು. ಸಿದ್ದಯ್ಯ ಅವರ ಹಿಂದೆ ಓಡಿದ. ನನಗೆ ಇಳಿಯಲು ಆಗಲಿಲ್ಲ. ಅವರು ಇಳಿದದ್ದಕ್ಕೆ ನಿಂತಿತೋ, ಅವರ ಎದೆಯೇ ನಿಂತಿತೋ ತಿಳಿಯುವುದು ಹೇಗೆ? ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು ಕೂತೇ ಇದ್ದೆ. ಆ ನಡುಕವನ್ನು ನಿಲ್ಲಿಸುತ್ತೇನೆಂದು ಎರಡು ತಿಂಗಳು ಹಟ ಹಿಡಿದಿದ್ದವನು, ಒಂದೇ ಒಂದು ಸಲ ಅದುರು ತಾಯಿ ಎಂದು ಆ ಕಾರನ್ನು ಬೇಡಿಕೊಂಡೆ. ಅದು ಅದುರಲಿಲ್ಲ.

ಎಷ್ಟು ಹೊತ್ತಾಯಿತೋ, ಸಿದ್ದಯ್ಯ ಬಂದು ಕಿಟಕಿ ತಟ್ಟಿದ. "ಜೀವ ಅದೆ ಕಣಣ್ಣ. ಇನ್ನರ್ಧ ಗಂಟೆ ಆಗಿದ್ರೆ ಕಸ್ಟಾಗೋದಂತೆ" ಎಂದ. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮೂರು ತಿಂಗಳ ವಿಶ್ರಾಂತಿಯ ನಂತರ ಡಾಕ್ಟರು ಶೆಡ್ಡಿಗೆ ಬಂದರು. ಅಷ್ಟರಲ್ಲಿ ನಾನು ಆ ಕಾರನ್ನು ಬುಡಸಮೇತ ಬಿಚ್ಚಿ ಜೋಡಿಸಿದ್ದೆ. ಅದರೊಳಗೆ ಏನೂ ಇರಲಿಲ್ಲ. ಹೃದಯದ ಬಡಿತಕ್ಕೆ ಅಷ್ಟು ಭಾರದ ಗಾಡಿ ಅದುರಲು ಸಾಧ್ಯವೆ ಎಂದು ಕಾಲೇಜಿನ ಮೇಷ್ಟ್ರೊಬ್ಬರನ್ನು ಕೇಳಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕಾಫಿ ಕುಡಿಸಿ ಕಳಿಸಿದ್ದರು.

ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಳವಳ್ಳಿ ಕಡೆಗೆ ಹೊರಟರು. ನಲವತ್ತು ದಾಟಿತು, ಐವತ್ತು ದಾಟಿತು. ಸಿದ್ದಯ್ಯನ ಬಾಟಲಿಗಳು ಸದ್ದು ಮಾಡಲಿಲ್ಲ.

"ಈಗ ಹೇಳು, ಏನಾಗಿತ್ತು ಇದಕ್ಕೆ?" ಎಂದು ಕೇಳಿದರು.

"ಗೊತ್ತಾಗ್ನಿಲ್ಲ ಡಾಕ್ಟ್ರೇ" ಎಂದೆ. ಕೆಲಸಕ್ಕೆ ಕೂತ ಮೇಲೆ ಯಾವ ಗಾಡಿಯ ಬಗ್ಗೆಯೂ ನಾನು ಹೇಳಿರದ ಮಾತು ಅದು.

ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಎದೆ ನನ್ನದು, ಡಾಕ್ಟರೂ ನಾನೇ. ನನಗೇ ತಿಳಿಯದ್ದು ಇದಕ್ಕೆ ಹೇಗೆ ತಿಳಿಯಿತಯ್ಯ?" ಎಂದರು.

ಆ ಮೇಲೆ ಅವರು ಎಷ್ಟೋ ವರ್ಷ ಬದುಕಿದರು, ಅದೇ ಕಾರಿನಲ್ಲಿ ಅವೇ ಹಳ್ಳಿಗಳಿಗೆ ಹೋಗಿ ಬಂದರು. ಕಾರು ಶೆಡ್ಡಿಗೆ ಬಂದಾಗಲೆಲ್ಲ ನಾನು ಅವರನ್ನೇ ಓಡಿಸಲು ಹೇಳಿ, ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಡುತ್ತಿದ್ದೆ.