ತಂಗಿಯೆಂದು ಹೇಳಿದ ಸುಳ್ಳು

ಮಾದೇವಿ, ಅಂದು ನಿನ್ನನ್ನು ನನ್ನ ತಂಗಿ ಎಂದದ್ದು ಸುಳ್ಳು. ಅದು ನಿನಗೂ ಗೊತ್ತು. ಆದರೆ ಪ್ರೀತಿಯಿಂದ ಹೇಳಿದ ಸುಳ್ಳು ಎಂದು ನೀನು ನಂಬಿದೆ — ನಾನು ನಂಬಲು ಬಿಟ್ಟೆ. ನಿನಗೆ ಕೊಡಬೇಕಾದ ಸಂಬಳ ತಪ್ಪಿಸಲೆಂದೇ ನಾನು ಹಾಗೆ ಹೇಳಿದ್ದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಯಲ್ಲಾಪುರದ ಬಸ್ ನಿಲ್ದಾಣದ ಎದುರು ನನ್ನ ಚಿಕ್ಕ ಹೋಟೆಲು. ಇಡಗುಂದಿಯಿಂದ ಮೊದಲ ಬಸ್ಸಿಗೆ ಬಂದು, ಹಿಟ್ಟು ರುಬ್ಬುವುದರಿಂದ ಹಿಡಿದು ಬನ್ಸ್ ಕರಿಯುವವರೆಗೆ ಎಲ್ಲ ನಿನ್ನದೇ ಕೆಲಸ. ವಾರದ ರಜೆ ಎನ್ನುವ ಮಾತೇ ನಮ್ಮಲ್ಲಿರಲಿಲ್ಲ. ಕಾರ್ಮಿಕ ಇಲಾಖೆಯವರು ಬರುತ್ತಾರಂತೆ, ಕನಿಷ್ಠ ಕೂಲಿ, ರಜೆ, ದುಡಿಸುವ ಹೊತ್ತು ಎಲ್ಲ ವಿಚಾರಿಸುತ್ತಾರಂತೆ ಎಂಬ ಸುದ್ದಿ ಪೇಟೆಯಲ್ಲಿ ಹಬ್ಬಿದಾಗ ನನ್ನ ಜೀವ ಬಾಯಿಗೆ ಬಂತು. ಚಹಾದ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಏರಿಸದಿದ್ದರೆ ನಿನಗೆ ಪೂರ್ತಿ ಕೂಲಿ ಕೊಡುವುದೆಲ್ಲಿಂದ — ಹೌದು, ಕಷ್ಟವಿತ್ತು. ಆದರೆ ಅದೇ ವರ್ಷ ಹೊಸ ಸ್ಕೂಟರು ಕೊಂಡಿದ್ದೆ. ಅದನ್ನೂ ಹೇಳಿಬಿಡಬೇಕು.

ಇನ್‌ಸ್ಪೆಕ್ಟರು ಧಾರವಾಡದ ಕಡೆಯವರು. ಅಡುಗೆಮನೆಗೆ ಇಣುಕಿ, "ಈಕಿ ಯಾರ್ರಿ? ಕೆಲಸದಾಕಿ ಏನು?" ಎಂದರು.

"ಅಲ್ಲ ಸಾಹೇಬ್ರೆ, ನನ್ನ ತಂಗಿ" ಎಂದೆ ನಾನು.

ಅವರು ನಿನ್ನ ಮುಖ ನೋಡಿದರು. ನೀನು ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ, "ಹೌದ್ರಾ, ನಮ್ಮಣ್ಣಂದೇ ಹೋಟ್ಲು" ಎಂದುಬಿಟ್ಟೆ. ಮನೆಯವರೇ ದುಡಿದರೆ ಆ ಕಾನೂನು ಅನ್ವಯಿಸುವುದಿಲ್ಲ. ಅವರು ಚಹಾ ಕುಡಿದು ಹೊರಟರು.

ಅಂದಿನಿಂದ ನೀನು ನನ್ನನ್ನು 'ಸಾವ್ಕಾರ್ರೆ' ಎನ್ನುವುದನ್ನು ಬಿಟ್ಟೆ. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಕಟ್ಟಿಕೊಂಡು ನಮ್ಮ ಮನೆಗೆ ಬಂದೆ — ತವರಿಗೆ ಬರುವ ಹೆಣ್ಣುಮಗಳ ಹಾಗೆ. ನನ್ನ ಹೆಂಡತಿಗೆ ಏನೂ ಗೊತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲೇ ತೆಗೆದುಕೊಂಡು ನಿನ್ನನ್ನು ಕಳಿಸಿದಳು. ನಾನು ಒಳಗೆ ಕುಳಿತು ಎಲ್ಲ ಕೇಳಿಸಿಕೊಂಡೆ. ನಾಚಿಕೆಯಾಯಿತು, ಆದರೂ ಏಳಲಿಲ್ಲ.

ಮರುವರ್ಷ ಎಣ್ಣೆಯ ಬಾಣಲೆ ಮಗುಚಿ ನಿನ್ನ ಬಲಗೈ ಸುಟ್ಟಿತು. ಬೆರಳುಗಳು ಮಡಚದಂತಾದವು. ಕೆಲಸದಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಎಂದು ಯಾರೋ ಹೇಳಿದರಂತೆ, ಕೇಳಲು ಬಂದೆ. ಆಗ ನಾನು ಅಂದದ್ದು — ಬರೆಯಲು ಈಗಲೂ ಕೈ ಬರುವುದಿಲ್ಲ — "ಕೆಲ್ಸದವ್ಳಲ್ಲ ಅಂತ ಸಾಹೇಬ್ರ ಎದ್ರಿಗೆ ನೀನೇ ಒಪ್ಪಿದ್ದಲ್ವಾ?"

"ಹೌದು ಅಣ್ಣ, ಒಪ್ಪಿದ್ದೆ." ನೀನು ಸುಟ್ಟ ಕೈಯನ್ನು ಮುಂದೆ ಚಾಚಿದೆ. "ತಂಗಿ ಕೈ ಸುಟ್ರೆ ಅಣ್ಣ ನೋಡೂದಿಲ್ವಾ?"

ನಾನು ಗಿರಾಕಿಗೆ ಚಹಾ ಸೋಸಲು ತಿರುಗಿಕೊಂಡೆ. ನೀನು ಯಾವಾಗ ಹೋದೆಯೋ ನೋಡಲಿಲ್ಲ.

ಸಣ್ಣ ಹೋಟೆಲು, ಕಾನೂನಿಗೆ ನಮ್ಮಂಥವರ ಪಾಡು ತಿಳಿಯುವುದಿಲ್ಲ ಎಂದು ಎಷ್ಟೋ ವರ್ಷ ಎಲ್ಲರೆದುರು ವಾದಿಸಿದೆ. ಅದರಲ್ಲಿ ನಿಜವೂ ಇದ್ದೀತು. ಆದರೆ ಅಂದು ನಿನ್ನ ಕೈಗೆ ಮದ್ದು ಹಾಕಿಸಬೇಡ ಎಂದು ನನಗೆ ಯಾವ ಕಾನೂನೂ ಹೇಳಿರಲಿಲ್ಲ.

ಮೊನ್ನೆ ಶಿರಸಿಯ ಪೇಟೆಯಲ್ಲಿ ನೀನು ಸಿಕ್ಕಿದ್ದೆ. ಎಡಗೈಯಿಂದ ಸೆರಗು ಸರಿಪಡಿಸಿಕೊಂಡು, ಸೊಸೆಗೆ ನನ್ನನ್ನು ತೋರಿಸಿ, "ಇವ್ರ ಹೋಟ್ಲಲ್ಲೇ ನಾ ಕೆಲ್ಸಕ್ಕಿದ್ದದ್ದು" ಎಂದು ಹೇಳಿದೆ. ಮಾತಿನಲ್ಲಿ ಸಿಟ್ಟಿರಲಿಲ್ಲ. ಅಣ್ಣ ಎನ್ನಲಿಲ್ಲ. ನಾನು ಬಸ್ಸಿನ ನೆಪ ಹೇಳಿ ಅಲ್ಲಿಂದ ಕಳಚಿಕೊಂಡೆ — ಇನ್ನೊಮ್ಮೆ.

ನಾಳೆ ಇಡಗುಂದಿಗೆ ಬರುತ್ತೇನೆ. ಆ ಕೈ ಸುಟ್ಟದ್ದು ನನ್ನ ಕೆಲಸದಲ್ಲಿ ಎಂದು ನಿನ್ನ ಮನೆಯವರೆಲ್ಲರ ಎದುರು ಹೇಳುತ್ತೇನೆ. ನೀನು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಹೇಳುತ್ತೇನೆ.